ಗಂಜಿ ಹಾಕಿದ ಬನ್ನಿ

ನಾನು ಎಲೆಗೆ ದುಡ್ಡು ಕೊಡುವುದಿಲ್ಲ. ಊಟದ ಬಾಳೆಲೆಗೆ ಕೊಟ್ಟೇನು, ವೀಳ್ಯದೆಲೆಗೆ ಕೊಟ್ಟೇನು, ಅವು ಹೊಟ್ಟೆಗೆ ಸಂಬಂಧಪಟ್ಟವು. ಆದರೆ ದಸರೆಯ ದಿನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಮರುದಿನ ಬೆಳಿಗ್ಗೆ ಕಸಬರಿಗೆಯ ಪಾಲಾಗುವ ಎಲೆಗೆ ನಾನು ದುಡ್ಡು ಬಿಚ್ಚುವುದಿಲ್ಲ. ಇದನ್ನು ಜಿಪುಣತನ ಎನ್ನುವವರು ಎನ್ನಲಿ. ನಾನು ಇದನ್ನು ಸಿದ್ಧಾಂತ ಎನ್ನುತ್ತೇನೆ.

ಮೊನ್ನೆ ಇದೇ ಮಾತಿಗೆ ನಮ್ಮ ವಿಲೆ ಪಾರ್ಲೆಯ ಬಿಲ್ಡಿಂಗಿನ ಜೋಶಿಯವರು ನಕ್ಕರು. ಅವರು ಆಫೀಸಿನಲ್ಲಿ ದೊಡ್ಡ ಹುದ್ದೆಯವರು. ಕೇಳಿದ ಬೆಲೆಯನ್ನು ಕೇಳಿದ ಕೂಡಲೇ ಕೊಡುವ ಜಾತಿಯ ಮನುಷ್ಯ. ಅವರ ಕೈಯಲ್ಲಿ ಸ್ಟೇಷನ್ ಹತ್ತಿರದ ಅಂಗಡಿಯಿಂದ ತಂದ ಒಂದು ಕಟ್ಟು ಇತ್ತು. ಬಂಗಾರದ ಬಣ್ಣದ ಕಾಗದದಲ್ಲಿ ಎಲೆಯಾಕಾರ ಕತ್ತರಿಸಿ, ಮೇಲೆ ಇಂಗ್ಲಿಷಿನಲ್ಲಿ ‘ಥ್ಯಾಂಕ್ ಯೂ’ ಎಂದು ಅಚ್ಚು ಹಾಕಿದ್ದರು. ಹೆಂಡತಿ, ಮಕ್ಕಳು, ಹಾಲಿನವನು, ಎಲ್ಲರಿಗೂ ಒಂದೊಂದು ಕೊಟ್ಟರೆ ಆಯಿತಂತೆ, ವರ್ಷದ ಕೃತಜ್ಞತೆ ಮುಗಿಯಿತಂತೆ.

“ಕುಲಕರ್ಣಿಯವರ, ನೀವೂ ಒಂದು ಕಟ್ಟು ತಗೋರಿ. ಎಷ್ಟು ಸುಲಭ ನೋಡ್ರಿ,” ಎಂದರು.

“ನಮ್ಮ ಮನ್ಯಾಗ ಇದಕ್ಕಿಂತ ಸುಲಭದ್ದು ಅದ,” ಎಂದೆ. “ಹಳೇ ಅರಿವಿ, ಅನ್ನ ಬಸಿದ ಗಂಜಿ, ಒಂದು ಕತ್ರಿ.”

“ಅರಿವಿ ಎಲಿ? ಚಿಂದಿ ಹಂಚತೀರೇನ್ರಿ ಹಬ್ಬದ ದಿವ್ಸ?” ಎಂದು ಅವರು ಮತ್ತೆ ನಕ್ಕರು.

ಚಿಂದಿ ಎಂಬ ಮಾತಿಗೆ ನಾನು ಹೆದರುವವನಲ್ಲ. ಧಾರವಾಡದ ನಮ್ಮ ಕುಲಕರ್ಣಿ ಮನೆತನದಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಹೆಸರೇ ಅದು. ಮುಂಬಯಿಗೆ ಬಂದು, ಪರೇಲಿನ ಗಿರಣಿಗಳ ಬಾಗಿಲಲ್ಲಿ ಕಟ್‌ಪೀಸ್ ತುಂಡುಗಳನ್ನು ಹಾಸಿಕೊಂಡು ಕೂತಾಗ, ದೊಡ್ಡಪ್ಪ ಒಂದು ಕಾರ್ಡು ಬರೆದಿದ್ದರು: ‘ಲೇಖಣಿಕೆ ಹಿಡಿದ ಕೈಯಲ್ಲಿ ಚಿಂದಿ ಹಿಡಿದೆಯಲ್ಲ, ಊರಿನಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?’ ನಾನು ತಿರುಗಿ ಬರೆದೆ: ‘ತಲೆ ಎತ್ತಲು ಟೋಪಿ ಬೇಕಾದರೆ ತಿಳಿಸಿರಿ, ತುಂಡು ಕಳಿಸುತ್ತೇನೆ.’ ಆಮೇಲೆ ದೊಡ್ಡಪ್ಪ ನನಗೆ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಈಗ ಪಾರ್ಲೆಯಲ್ಲಿ ನನ್ನ ಅಂಗಡಿಗೆ ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ಅಷ್ಟು ಸಾಕು.

ಹೋಗಲಿ. ನಾನು ಹೇಳಹೊರಟದ್ದು ಎಲೆಯ ವಿಷಯ. ಜೋಶಿಯವರ ಕಟ್ಟಿನ ಮೇಲಿನ ಸಿಟ್ಟಿನಿಂದ ಮನೆಗೆ ಬಂದವನೇ ಮಗಳು ಕಮಲಿಗೆ, “ಒಂದು ಹಳದಿ ಅರಿವಿ ಹುಡುಕು, ಈ ಸಲ ಐವತ್ತು ಎಲಿ ಮಾಡೋಣ,” ಎಂದೆ. ಅವಳು ಹುಡುಕಲು ಹೋಗಿ ಗುಂಡಿಯ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ನೂರಾರು ಗುಂಡಿಗಳ ಅಡಿಯಿಂದ ಒಂದು ಬಟ್ಟೆಯ ಎಲೆ ಹೊರಬಿತ್ತು. ಹಳದಿ ಮಾಸಿ ಬೆಲ್ಲದ ಬಣ್ಣವಾಗಿತ್ತು. ಮೇಲೆ ಶಾಯಿ ಪೆನ್ಸಿಲಿನ ಸೊಟ್ಟ ಅಕ್ಷರ: ಬನ್ನಿ. ಆ ಅಕ್ಷರ ಕಮಲಿಯದೇ, ಆರು ವರ್ಷದ ಹಿಂದಿನದು. ಎಲೆಯ ಹಿಂದೆ ಇನ್ನೊಂದು ಕೈ ಬರೆದದ್ದಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮಾಲನ್ನೆಲ್ಲ ಒಮ್ಮೆಲೇ ತೋರಿಸುವ ವ್ಯಾಪಾರಿ ನಾನಲ್ಲ.

ಬನ್ನಿಯನ್ನು ಕಾಣದವರಿಗೆ ಒಂದು ಮಾತು. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುತ್ತೇವೆ. ಸಣ್ಣವರು ದೊಡ್ಡವರ ಕೈಗೆ ಕೊಟ್ಟು ಕಾಲು ಮುಟ್ಟಬೇಕು; “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎನ್ನಬೇಕು. ಮುಂಬಯಿಯಲ್ಲಿ ಇದೇ ಕೆಲಸಕ್ಕೆ ಜೋಡಿ ಕಿವಿಯಂಥ ಎಲೆ ಬಳಸುತ್ತಾರೆ, ‘ಸೋನಾ’, ಅಂದರೆ ಬಂಗಾರ, ಎನ್ನುತ್ತಾರೆ.

ಹುಡುಗನಾಗಿದ್ದಾಗ ನಾನು ಬನ್ನಿಯನ್ನು ಅಂಗಿಯ ಜೇಬಿನ ತುಂಬ ತುರುಕಿಕೊಂಡು ಓಣಿ ಓಣಿ ತಿರುಗುತ್ತಿದ್ದೆ. ಜೇಬಿನ ಬುಡದಲ್ಲಿ ಎಲೆ ಅರೆದು ಹೋಗಿ, ನಡುನಡುವೆ ಒಂದು ಮುಳ್ಳು ಬೆರಳಿಗೆ ಚುಚ್ಚುತ್ತಿತ್ತು. ಅಂಗಿಗೆ ಹಿಡಿದ ಹಸಿರು ವಾಸನೆ ದೀಪಾವಳಿಯ ಎಣ್ಣೆ ಸ್ನಾನದವರೆಗೆ ಹೋಗುತ್ತಿರಲಿಲ್ಲ. ಆಗಲೇ ನನ್ನ ಬುದ್ಧಿ ನೋಡಿ: ಇಡೀ ಎಸಳು ಸಕ್ಕರೆ ಕೊಡುವ ಮನೆಗೆ, ಮುರಿದದ್ದು ಬರೀ ಆಶೀರ್ವಾದ ಕೊಡುವ ಮನೆಗೆ. ಛಡಿ ಏಟು ಕೊಟ್ಟಿದ್ದ ಮಾಸ್ತರರಿಗೆ ಒಣಗಿದ ಎರಡು ಎಲೆ ಕೊಟ್ಟು ಕಾಲು ಮುಟ್ಟಿದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, “ಬಂಗಾರಾಗು,” ಎಂದರು. ನನಗೆ ಆ ರಾತ್ರಿ ಸಕ್ಕರೆ ರುಚಿಸಲಿಲ್ಲ. ಮರುದಿನ ಎಲ್ಲ ಮರೆತೆ. ಮರೆಯುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಈಗ ಆರು ವರ್ಷದ ಹಿಂದಿನ ಪರೇಲಿಗೆ ಬನ್ನಿ. ಇಲ್ಲಿ ‘ಬನ್ನಿ’ ಎಂದದ್ದು ನಿಮ್ಮನ್ನು ಕರೆಯಲು. ನಮ್ಮ ಮನೆಯ ಮಾತಿನಲ್ಲಾದರೆ ‘ಬರ್ರಿ’ ಎಂದೇನು. ನಮ್ಮ ಬಾಯಲ್ಲಿ ಕರೆಯುವುದಕ್ಕೆ ‘ಬರ್ರಿ’. ‘ಬನ್ನಿ’ ಎಂದರೆ ಎಲೆ, ಬೇರೇನೂ ಅಲ್ಲ. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪರೇಲಿನ ಚಾಳಿನ ಎರಡನೆಯ ಮಾಳಿಗೆಯಲ್ಲಿ ನಮ್ಮದು ಒಂದು ಖೋಲಿ. ನಾನು, ಹೆಂಡತಿ ಅಂಬಕ್ಕ, ಏಳು ವರ್ಷದ ಕಮಲಿ. ಗ್ಯಾಲರಿಯ ಉದ್ದಕ್ಕೂ ಇದ್ದ ಖೋಲಿಗಳೆಲ್ಲ ಮರಾಠಿಯವು, ನಮ್ಮ ಗೋಡೆಗೆ ತಾಗಿದ್ದ ಒಂದನ್ನು ಬಿಟ್ಟು. ಅದರಲ್ಲಿ ಉಡುಪಿ ಕಡೆಯ ವಾಸುದೇವ ಭಟ್ರು ಮತ್ತು ಅವರ ಹೆಂಡತಿ ಲಲಿತಮ್ಮ ಇದ್ದರು. ಭಟ್ರು ಒಂದು ಹೋಟೆಲಿನಲ್ಲಿ ಅಡುಗೆಯವರು. ಮಕ್ಕಳಿರಲಿಲ್ಲ. ಅಂಬಿಗೆ ಮರಾಠಿ ಬರುತ್ತಿರಲಿಲ್ಲ. ನಳದ ಸರದಿಯಲ್ಲಿ ನಿಂತರೆ ಬಿಂದಿಗೆಯಷ್ಟೇ ಮೌನ. ಲಲಿತಮ್ಮ ಒಬ್ಬರೇ ಅವಳಿಗೆ ಮಾತು. ಒಬ್ಬರು ‘ಎಂತ ಮಾಡ್ತಾ ಉಂಟು?’ ಎಂದರೆ ಇನ್ನೊಬ್ಬರು ‘ಏನ್ ಮಾಡೂದೈತ್ರಿ’ ಎನ್ನುವುದು, ಅರ್ಧ ಅರ್ಥವಾಗುವುದು, ಉಳಿದರ್ಧಕ್ಕೆ ನಗುವುದು. ನನಗೆ ಆ ನಗು ಗೋಡೆಯಾಚೆಯಿಂದ ಕೇಳಿ ಬರುವ ಉಪದ್ರವ ಎನಿಸಿತ್ತು.

ಆ ವರ್ಷ ನಾಗಪಂಚಮಿಯ ಮರುದಿನ ಅಂಬಿಗೆ ಜ್ವರ ಬಂತು. ಟೈಫಾಯ್ಡ್ ಎಂದರು ಡಾಕ್ಟರು. ಮೂರು ವಾರ ಗಂಜಿ ನೀರು ಬಿಟ್ಟು ಏನೂ ಕೂಡದು ಎಂದರು. ನಾನು ಬೆಳಕು ಹರಿಯುವ ಮೊದಲು ಗಿರಣಿ ಬಾಗಿಲಿಗೆ ಹೋಗಬೇಕು, ಪಾಳಿ ಬಿಡುವ ಹೊತ್ತು ತಪ್ಪಿದರೆ ಆ ದಿನವೇ ತಪ್ಪಿದಂತೆ. ಲಲಿತಮ್ಮ ಯಾರನ್ನೂ ಕೇಳದೆ ಬಂದು ಕೂತರು. ರೇಶನ್ನಿನ ಕಾಲ, ಊರಿನಿಂದ ಬರುವವರ ಕೈಯಲ್ಲಿ ಅಷ್ಟಿಷ್ಟೇ ತರಿಸಿಕೊಂಡ ಕುಚ್ಚಲಕ್ಕಿ ಅವರದು. ಅದನ್ನೇ ಬೇಯಿಸಿ, ತಿಳಿ ಮಾಡಿ, ಚಮಚದಲ್ಲಿ ಕುಡಿಸಿದರು. ಹಣೆಗೆ ತಣ್ಣೀರ ಬಟ್ಟೆ, ಕಮಲಿಗೆ ಜಡೆ, ಶಾಲೆ, ಊಟ. ಇಪ್ಪತ್ತೆರಡನೆಯ ದಿನ ಅಂಬಿ ಗೋಡೆ ಹಿಡಿದು ಎದ್ದು ನಿಂತಳು.

ಈಗ ನಾನು ಮಾಡಿದ್ದನ್ನು ಹೇಳಬೇಕು. ನನಗೆ ಯಾರ ಹಂಗಿನಲ್ಲೂ ಇರುವುದು ಆಗಿಬರುವುದಿಲ್ಲ. ಊರು ಬಿಟ್ಟದ್ದೇ ಅದಕ್ಕೆ. ನನ್ನ ಗಂಟಿನಿಂದ ಅರಿಸಿನ ಬಣ್ಣದ ಒಂದು ತುಂಡು ತೆಗೆದೆ. ಎರಡು ಕುಪ್ಪಸಕ್ಕೆ ಸಾಕಾಗುವಷ್ಟು, ಹಿಡಿದರೆ ತಗಡಿನಂತೆ ನಿಲ್ಲುವಂಥದ್ದು. ಭಟ್ರ ಬಾಗಿಲು ತಟ್ಟಿ ಲಲಿತಮ್ಮನ ಕೈಗೆ ಕೊಟ್ಟೆ.

“ತಗೋರಿ ವೈನಿ, ಹೊಸಾ ಮಾಲು. ಇಪ್ಪತ್ತೊಂದು ದಿವ್ಸದ ಗಂಜಿ. ಇಲ್ಲಿಗೆ ಚುಕ್ತಾ.”

ಅವರು ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. “ಹೌದಾ? ಆಯ್ತು ಮಾರಾಯ್ರೆ,” ಎಂದರು. ಬಾಗಿಲು ಮುಚ್ಚಿದರು.

ನಾನು ಹಗುರಾಗಿ ಬಂದೆ. ನಿಮಗೊಂದು ಬುದ್ಧಿಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಎದುರಿನವರು ಚೌಕಾಶಿಯನ್ನೇ ಮಾಡದೆ ‘ಆಯ್ತು’ ಎಂದರೆ ಎಲ್ಲೋ ಏನೋ ಕೆಟ್ಟಿದೆ. ಗಿರಣಿ ಬಾಗಿಲಲ್ಲಿ ಇದು ನನಗೆ ಗೊತ್ತಿತ್ತು. ಗ್ಯಾಲರಿಯಲ್ಲಿ ಗೊತ್ತಾಗಲಿಲ್ಲ.

ವಾರ ಕಳೆದು ಒಂದು ಬೆಳಿಗ್ಗೆ ನಮ್ಮ ಬಾಗಿಲ ಚಿಲಕಕ್ಕೆ ಆ ಬಟ್ಟೆ ನೇತುಬಿದ್ದಿತ್ತು. ಒಗೆದದ್ದು. ಸೊಳ್ಳೆ ಪರದೆಯಂತೆ ಜೋತುಬಿದ್ದು, ಆಚೆ ಬದಿಯ ಬೆಳಕು ಕಾಣುತ್ತಿತ್ತು. ನಮ್ಮ ದಂಧೆಯಲ್ಲೂ ಗಂಜಿ ಎಂಬ ಮಾತಿದೆ ನೋಡಿ. ತೆಳ್ಳನೆಯ ಬಟ್ಟೆಗೆ ಮೈ ಬರಿಸಲು ಹಾಕುವುದು. ನೀರು ಕಾಣುವವರೆಗೆ ಅದರ ಠೀವಿ. ಗ್ಯಾಲರಿಯಲ್ಲಿ ಲಲಿತಮ್ಮ ನಿಂತಿದ್ದರು.

“ನಾನು ಅಂಬಕ್ಕನಿಗೆ ಕೊಟ್ಟದ್ದು ಅಕ್ಕಿಯ ಗಂಜಿ,” ಎಂದರು. “ನೀವು ನಂಗೆ ಕೊಟ್ಟದ್ದು ಬಟ್ಟೆಯ ಗಂಜಿ. ಒಗೆದ ನೀರಲ್ಲೇ ಹೋಯ್ತು. ಈಗ ಚುಕ್ತಾ ಆಯ್ತಲ್ಲ?”

“ಎಲ್ಲಾ ಹೊಸಾ ಅರಿವಿಗೂ ಗಂಜಿ ಇರತದ್ರಿ,” ಎಂದೆ ನಾನು. ಅದು ನಿಜ. ಇವತ್ತಿಗೂ ಅದೇ ಹೇಳುತ್ತೇನೆ.

“ಎಲ್ಲಾ ಮನುಷ್ಯರಿಗೂ ಇರುದಿಲ್ಲ ಮಾರಾಯ್ರೆ,” ಎಂದು ಅವರು ಒಳಗೆ ಹೋದರು.

ಆ ಬಾಗಿಲು ಮುಚ್ಚಿಕೊಂಡಿತು. ಚೌತಿ ಹೋಯಿತು, ಪಕ್ಷಮಾಸ ಹೋಯಿತು, ಗೋಡೆಯಾಚೆಯಿಂದ ನಗು ಬರಲಿಲ್ಲ. ಅಂಬಿ ನನ್ನೊಡನೆ ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವಳು ಜಗಳವಾಡಲಿಲ್ಲ. ಶೆಗಡಿ ಒಲೆಯೊಡನೆ ಮಾತಾಡತೊಡಗಿದಳು. “ಹತ್ತಿಕೋಳವ್ವಾ, ನೀನಾದರೂ ಹತ್ತಿಕೋ,” ಎಂದು ಇದ್ದಲಿಗೆ ಹೇಳುತ್ತಿದ್ದಳು. ನವರಾತ್ರಿಯ ಘಟ ಕೂಡಿಸಿದ ದಿನ ನನಗೆ ಹೇಳಿದಳು:

“ನನಗ ಈ ಊರಾಗ ಇದ್ದಾಕಿ ಒಬ್ಬಾಕಿ. ಆಕಿನ್ನೂ ನೀವು ಚುಕ್ತಾ ಮಾಡಿದ್ರಿ. ಹಬ್ಬ ಮುಗೀಲಿ, ನಾನು ಕಮಲೀನ ಕರಕೊಂಡು ಧಾರವಾಡಕ್ಕ ಹೋಗ್ತೀನಿ.”

“ಎಷ್ಟ ದಿವ್ಸಕ್ಕ?”

“ಬರಬೇಕು ಅನಿಸೂತನಕ.”

ನೀವಾದರೆ ಏನು ಮಾಡುತ್ತಿದ್ದಿರಿ? ಪಕ್ಕದ ಬಾಗಿಲು ತಟ್ಟಿ ‘ತಪ್ಪಾಯಿತು’ ಎನ್ನುತ್ತಿದ್ದಿರಿ. ಹತ್ತು ಹೆಜ್ಜೆ. ನಾನು ಆ ಹತ್ತು ಹೆಜ್ಜೆ ಹಾಕಲಿಲ್ಲ. ಚಿಲಕಕ್ಕೆ ಬಟ್ಟೆ ತೂಗು ಹಾಕಿ ನಾಲ್ಕು ಜನರ ಮುಂದೆ ಆಡಿದವರು ಅವರು, ನಾನೇಕೆ ಬಗ್ಗಬೇಕು? ಧಾರವಾಡದಲ್ಲಿ ಬಗ್ಗದವನು ಪರೇಲಿನಲ್ಲಿ ಬಗ್ಗುತ್ತೇನೆಯೇ? ಹೀಗೆ ನನಗೆ ನಾನೇ ಹೇಳಿಕೊಂಡು ಗಿರಣಿ ಬಾಗಿಲಿಗೆ ಹೋಗುತ್ತಿದ್ದೆ. ಬರುವಾಗ ಹೆಜ್ಜೆ ನಿಧಾನವಾಗುತ್ತಿತ್ತು, ಅದು ಬೇರೆ ಮಾತು.

ಅಷ್ಟಮಿಯ ದಿನ ದಾದರಿಗೆ ಹೋದೆ, ಎಲೆ ಕೊಳ್ಳಲು. ಎಲೆ ಮಾರುವ ಹೆಂಗಸು ಒಂದು ಕಟ್ಟಿಗೆ ಹೇಳಿದ ಬೆಲೆ ಕೇಳಿ ನನಗೆ ಕೆಮ್ಮು ಬಂತು.

“ದಾದಾ, ಸೋನಾ ಆಹೆ ಹೆ!” ಎಂದಳು.

“ಸೋನಾ ಆದರ ತಕ್ಕಡೀಲೆ ತೂಗಿ ಕೊಡು,” ಎಂದೆ, ನನ್ನ ಮುರುಕು ಮರಾಠಿಯಲ್ಲಿ. ಅವಳು ಎದ್ದು ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಂದೇ ಒಂದು ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟಳು. “ಘ್ಯಾ, ಫುಕಟ!” ಸುತ್ತ ನಿಂತವರೆಲ್ಲ ನಕ್ಕರು. ಪುಕ್ಕಟೆ ಬಂದದ್ದನ್ನು ತೆಗೆದುಕೊಳ್ಳುವವನಲ್ಲ ನಾನು. ಅದನ್ನು ಅಲ್ಲೇ ಅವಳ ರಾಶಿಯ ಮೇಲಿಟ್ಟು, ಬರಿಗೈಯಲ್ಲಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಬರಿಗೈ ನೋಡಿ ಕಮಲಿ ಅಳತೊಡಗಿದಳು. ಕನ್ನಡ ಶಾಲೆಯ ಅಕ್ಕೋರು ಹೇಳಿದ್ದರಂತೆ: ಈ ಸೂಟಿಯಲ್ಲಿ ಮನೆಯವರೆಲ್ಲ ಕೂಡಿ, ನಿಮಗೆ ಒಳ್ಳೆಯದು ಮಾಡಿದವರಿಗೆ ಒಂದೊಂದು ಬನ್ನಿ ಕೊಡಿ, ಯಾಕೆ ಕೊಟ್ಟೆವೆಂದು ಬರೆದುಕೊಂಡು ಬನ್ನಿ. ನಾನು ಮಂಚದ ಕೆಳಗೆ ಕೈ ಹಾಕಿದೆ. ಸಿಕ್ಕಿದ್ದು ಆ ಹಳದಿ ಬಟ್ಟೆಯೇ. ಚಿಲಕದಿಂದ ಬಿಚ್ಚಿ ಅಲ್ಲಿ ಎಸೆದದ್ದು ಒಂದು ತಿಂಗಳಿಂದ ಅಲ್ಲೇ ಇತ್ತು.

“ಇದರಾಗ ಮಾಡೋಣ,” ಎಂದೆ.

ಅಂಬಿ ಬಟ್ಟೆಯನ್ನು ಗುರುತಿಸಿದಳು. ಎಷ್ಟೋ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು, ಆಮೇಲೆ ಅನ್ನ ಬಸಿದ ಗಂಜಿಯಲ್ಲಿ ಅದ್ದಿದಳು.

ಮಾಡುವ ಕ್ರಮ ಕೇಳಿ, ದುಡ್ಡು ಉಳಿಯುತ್ತದೆ. ಗಂಜಿ ದಪ್ಪಗಿರಬೇಕು, ಬೆರಳಿಗೆ ಅಂಟಬೇಕು. ಬಟ್ಟೆಯನ್ನು ಅದ್ದಿ, ಹಿಂಡದೆ, ಹಗ್ಗಕ್ಕೆ ಹಾಕಿ. ಅರೆ ಒಣಗಿದಾಗ ಕೆಂಡ ತುಂಬಿದ ಹಿತ್ತಾಳೆ ತಂಬಿಗೆಯಿಂದ ತೀಡಿ. ಮತ್ತೆ ತಗಡಿನಂತಾಗುತ್ತದೆ. ಬೆರಳುದ್ದದ ತುಂಡು ಮಾಡಿ, ನಡುವೆ ಮಡಚಿ, ಮಡಿಕೆಯ ಬದಿ ಬಿಟ್ಟು ಇನ್ನೊಂದು ಬದಿಗೆ ಅರ್ಧ ವೀಳ್ಯದೆಲೆಯಂತೆ ಒಂದೇ ಸಲ ಕತ್ತರಿ ಓಡಿಸಿ. ಬಿಚ್ಚಿದರೆ ಜೋಡಿ ಕಿವಿಯ ಎಲೆ. ಕೈ ನಡುಗಬಾರದು, ಎರಡನೆಯ ಸಲ ತಿದ್ದಲು ಹೋಗಬಾರದು. ತಿದ್ದಿದ ಎಲೆ ಕಪ್ಪೆಯಂತೆ ಕಾಣುತ್ತದೆ. ನನ್ನ ಮೊದಲ ಆರು ಕಪ್ಪೆಯಾದವು.

ಬರೆಯುವುದಕ್ಕೂ ಒಂದು ನಿಯಮ ಮಾಡಿದೆವು, ಅದೂ ಅಂಬಿಯದು. “ಧನ್ಯವಾದ ಗಿನ್ಯವಾದ ಬರೀಬ್ಯಾಡ. ಅದು ಭಾಷಣದವರ ಮಾತು. ಏನ್ ಮಾಡಿದ್ರು ಅಷ್ಟ ಬರಿ.” ಎಷ್ಟು ಸರಿ! ನಮ್ಮ ಮನೆಗಳಲ್ಲಿ ತಾಯಿಗೆ ಯಾರಾದರೂ ಧನ್ಯವಾದ ಹೇಳುತ್ತಾರೆಯೇ? ಹೇಳಿದರೆ ಅವಳು ಹಣೆ ಮುಟ್ಟಿ ನೋಡುತ್ತಾಳೆ. ಹೀಗೆ ಎಲೆಯ ಮುಂದೆ ಕಮಲಿ ‘ಬನ್ನಿ’ ಎಂದು ಬರೆಯುವುದು, ಹಿಂದೆ ಅವರು ಮಾಡಿದ್ದು.

ಖಂಡೇ ನವಮಿಗೆ ನನ್ನ ಕತ್ತರಿ, ಗಜಕೋಲು ಪೂಜೆಗೆ ಕೂತವು. ಆ ದಿನ ಮುಟ್ಟುವಂತಿಲ್ಲ. ದಶಮಿ ಬೆಳಿಗ್ಗೆ ಕತ್ತರಿ ಇಳಿಸಿದ ಕೂಡಲೇ ಉಳಿದ ಎಲೆ ಕತ್ತರಿಸಿದೆವು. ವರ್ಷದ ಬೋಣಿ ಎಲೆಯ ಮೇಲಾಯಿತು ಎಂದು ನಾನು ಗೊಣಗಿದೆ. ಕಮಲಿ ಮುಗಿಸಿದ್ದು: ಬೇಕರಿಯವನಿಗೆ, ‘ಒಡೆದ ಬಿಸ್ಕೀಟು ಕೊಟ್ಟ’, ಅಕ್ಕೋರಿಗೆ, ‘ಳ ಕಲಿಸಿದರು’, ನಳದ ಹತ್ತಿರದ ಮಾವಶಿಗೆ, ‘ನಮ್ಮ ಬಿಂದಿಗೆ ಸರದಿಯಲ್ಲಿ ಇಟ್ಟರು’.

“ಅವ್ವಾ, ನಿಂದು?”

“ನಂದು ಯಾರಿಗೂ ಇಲ್ಲ. ಕೊಡಬೇಕಾದಾಕಿ ಬಾಗಿಲಾ ತೆಗೆಯಂಗಿಲ್ಲ.”

“ಅಪ್ಪಾ, ನಿಂದು?”

“ನನಗ ಯಾರೂ ಪುಕ್ಕಟ ಏನೂ ಮಾಡಿಲ್ಲ,” ಎಂದೆ.

“ಅವ್ವಗ ಜ್ವರ ಬಂದಾಗ?”

“ಅದು ಚುಕ್ತಾ ಆಗೇದ.”

ಕಮಲಿ ನನ್ನ ಪಾಲಿನ ಎಲೆಯ ಹಿಂದೆ ಪೆನ್ಸಿಲ್ ಹಿಡಿದು ಕಾದಳು. ನಾನು ಗಜಕೋಲು ಒರೆಸುತ್ತ ಕೂತೆ. ಅಂಬಿ ಎದ್ದು ಟ್ರಂಕು ಎಳೆದು, ಸೀರೆ ಮಡಚಿ ಒಳಗಿಡತೊಡಗಿದಳು. ಒಂದು, ಎರಡು. ಕಮಲಿಯ ಸಣ್ಣ ಲಂಗ. ಆ ಶಬ್ದ ನಿಮಗೆ ಗೊತ್ತಿರಬಹುದು, ತಗಡಿನ ತಳಕ್ಕೆ ಬಟ್ಟೆ ತಾಗುವ ಶಬ್ದ. ಶಬ್ದವೇ ಅಲ್ಲ ಅದು. ಕಮಲಿ ಎಲೆಗಳನ್ನೆಲ್ಲ ಲಂಗದಲ್ಲಿ ಕಟ್ಟಿಕೊಂಡು ಹೊರಗೆ ಓಡಿದಳು. ಮಧ್ಯಾಹ್ನ ಬಂದಾಗ ಒಂದೂ ಉಳಿದಿರಲಿಲ್ಲ.

“ನನ್ನ ಖಾಲಿ ಎಲಿ ಎಲ್ಲೆ?” ಎಂದೆ.

“ಕೊಟ್ಟೆ,” ಎಂದಳು. ಯಾರಿಗೆ ಎಂದು ಕೇಳುವ ಮೊದಲೇ ಕೆಳಗಿನ ಮಾಳಿಗೆಗೆ ಓಡಿಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಭಟ್ರು! ಇಸ್ತ್ರಿಯ ಬಿಳಿ ಅಂಗಿ, ಹೊಸ ಪಂಚೆ. ಹಿಂದೆ ಲಲಿತಮ್ಮ, ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಬಾಳೆಲೆ ಮುಚ್ಚಿದ ಪಾತ್ರೆ. ಆಮಂತ್ರಣ ಪಡೆದವರ ಠೀವಿ.

“ಬರ್ಲಿಕ್ಕೆ ಬರೆದು ಕಳಿಸಿದ್ರಲ್ಲ, ಬಂದೆವು,” ಎಂದರು ಭಟ್ರು. ಅಂಗೈ ತೆರೆದರು. ಅದರಲ್ಲಿ ನನ್ನ ಖಾಲಿ ಎಲೆ. ಮುಂದೆ ಒಂದೇ ಪದ: ಬನ್ನಿ.

ನನಗೆ ತಟ್ಟನೆ ಅರ್ಥವಾಯಿತು. ಅವರ ಊರಲ್ಲಿ ಈ ಎಲೆಯ ವ್ಯವಹಾರವಿಲ್ಲ. ಅವರ ಬಾಯಲ್ಲಿ ‘ಬನ್ನಿ’ ಎಂದರೆ ಒಳಗೆ ಬನ್ನಿ ಎಂದೇ. ಅಂಬಿ ಮಾಡಿದ ಹೋಳಿಗೆ ಆರೇ ಆರು. ನಾನು ವ್ಯಾಪಾರಿ, ಮಾಲಿನ ಬಗ್ಗೆ ತಪ್ಪು ತಿಳುವಳಿಕೆ ಇದ್ದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

“ಅದು ಹಂಗಲ್ರಿ ಭಟ್ರ. ಬನ್ನಿ ಅಂದ್ರ ಬರ್ರಿ ಅಂತ ಅಲ್ಲ. ಬನ್ನಿ ಅಂದ್ರ ಬನ್ನಿ…”

ಅಂಬಿ ನನ್ನ ಕಾಲನ್ನು ತುಳಿದಳು. ಮೂರು ವಾರ ಮಲಗಿ ಎದ್ದ ಹೆಂಗಸಿನ ಕಾಲಿನಲ್ಲಿ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಬರ್ರಿ ಅಕ್ಕಾ, ಒಳಗ ಬರ್ರಿ!” ಎಂದಳು. ಒಂದು ತಿಂಗಳ ಮೇಲೆ ಅವಳ ಗಂಟಲು ತೆರೆದದ್ದು ಅದೇ ಮೊದಲು. ಗ್ಯಾಲರಿಯ ಕೊನೆಯವರೆಗೂ ಕೇಳಿರಬೇಕು.

ವ್ಯಾಪಾರದಲ್ಲಿ ಒಂದು ಗಳಿಗೆ ಇರುತ್ತದೆ. ಗಿರಾಕಿ ತಪ್ಪು ತಿಳಿದುಕೊಂಡೇ ಕೊಳ್ಳಲು ನಿಂತಿರುತ್ತಾನೆ, ಆಗ ಬಾಯಿ ಮುಚ್ಚಿಕೊಂಡಿರಬೇಕು. ನಾನು ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಲಾಭದ ಮೌನ ಮತ್ತೊಂದಿಲ್ಲ.

ಲಲಿತಮ್ಮ ಪಾತ್ರೆಯ ಬಾಳೆಲೆ ಸರಿಸಿದರು. “ನೀವು ಎಲೆ ಕಳಿಸಿದಿರಿ. ನಾವೂ ಎಲೆಯನ್ನೇ ತಂದೆವು. ಪತ್ರೊಡೆ. ಕೆಸುವಿನ ಎಲೆ, ಹೆದರಬೇಡಿ, ತುರಿಸುದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬಟ್ಟೆ ಗುರುತು ಸಿಕ್ಕಿತು ನಂಗೆ. ಗಂಜಿ ಚೆನ್ನಾಗಿ ಹಿಡಿದಿದೆ ಈ ಸಲ,” ಎಂದರು.

“ಅನ್ನದ ಗಂಜಿ,” ಎಂದೆ ನಾನು.

“ಹಾಂ, ಹಾಗಾದರೆ ಸರಿ,” ಎಂದು ಅವರು ಶೆಗಡಿಯ ಹತ್ತಿರ ಅಂಬಿಯ ಪಕ್ಕ ಕೂತುಬಿಟ್ಟರು.

ಆರು ಹೋಳಿಗೆ ಐವರಿಗೆ ಹೇಗೋ ಸಾಕಾಯಿತು. ಭಟ್ರು ಪ್ರತಿ ತುತ್ತಿಗೂ ಕಣ್ಣು ಮುಚ್ಚುತ್ತಿದ್ದರು. “ಹೋಟೆಲಿನವನಿಗೆ ಯಾರೂ ಬಡಿಸುದಿಲ್ಲ ಮಾರಾಯ್ರೆ. ಒಬ್ಬರು ಕರೆದು ಕೂರಿಸಿ ಬಡಿಸಿದ್ದು ಎಷ್ಟು ವರ್ಷವಾಯ್ತೋ,” ಎಂದರು. ಕಮಲಿ ತಲೆ ಎತ್ತದೆ ಪತ್ರೊಡೆ ತಿಂದಳು. ನಾನು ತಪ್ಪಾಯಿತು ಎನ್ನಲಿಲ್ಲ. ಅವರು ಚಿಲಕದ ಮಾತು ತೆಗೆಯಲಿಲ್ಲ. ಯಾರೂ ಯಾರ ಮುಂದೂ ಬಗ್ಗಲಿಲ್ಲ. ಅವರು ಹೋದ ಮೇಲೆ ಅಂಬಿ ಟ್ರಂಕಿನ ಸೀರೆ ತೆಗೆದು ಹಗ್ಗಕ್ಕೆ ಹಾಕಿ, ಖಾಲಿ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಮತ್ತೆ ಆ ಉಪದ್ರವ ಶುರುವಾಯಿತು. ನಾನು ಗಿರಣಿಗೆ ಹೊರಡುವುದನ್ನು ಸ್ವಲ್ಪ ತಡ ಮಾಡಿದೆ.

ಮುಂದೆ ಮೂರು ವರ್ಷಕ್ಕೆ ಭಟ್ರಿಗೆ ವಿಕ್ರೋಳಿಯಲ್ಲಿ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸವಾಯಿತು. ಹೊರಡುವ ದಿನ ಲಲಿತಮ್ಮ ಅಂಬಿಗೆ ತಮ್ಮ ಗುಂಡಿಯ ಡಬ್ಬಿ ಕೊಟ್ಟು ಹೋದರು. ಆಮೇಲೆ ನಾವು ಪಾರ್ಲೆಗೆ ಬಂದೆವು. ಅವರದು ಆಚೆಯ ರೈಲು ಲೈನು, ನಮ್ಮದು ಈಚೆಯದು. ನಡುವೆ ದಾದರಿನಲ್ಲಿ ಸೇತುವೆ ಹತ್ತಿ ಇಳಿಯಬೇಕು. ‘ಮುಂದಿನ ಹಬ್ಬಕ್ಕೆ ಹೋಗೋಣ’ ಎನ್ನುತ್ತ ಬಂದೆವು. ಮರೆಯುವುದರಲ್ಲಿ ನಾನು ಗಟ್ಟಿಗ ಎಂದು ಆಗಲೇ ಹೇಳಿದ್ದೇನೆ.

ಈಗ ಎಲೆಯ ಹಿಂದೆ ಏನಿತ್ತೆಂದು ಹೇಳಬಹುದು. ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಲಲಿತಮ್ಮ ಗುಂಡಗೆ ಬರೆದಿದ್ದರು:

‘ಸೋನಾ ಅಂತ ಗೊತ್ತಿತ್ತು. ಆದರೂ ಬಂದೆ. ಚುಕ್ತಾ ಆಗಲಿಲ್ಲ.’

ನಾನು ಎರಡು ಸಲ ಓದಿದೆ. “ಅಂದ್ರ ಆಕಿಗೆ ಗೊತ್ತಿತ್ತೇನು?” ಎಂದೆ.

ಅಂಬಿ ಗುಂಡಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. “ಎಂಟು ವರ್ಷ ಪರೇಲದಾಗ ಇದ್ದಾಕಿಗೆ ಸೋನಾ ಗೊತ್ತಿರಂಗಿಲ್ಲೇನ್ರಿ? ಎಲಿಗೆ ಎಲಿ ಅಂತ ಪತ್ರೊಡಿ ಯಾಕ ತಂದಿದ್ಲು ಮತ್ತ?”

“ನಿನಗೂ ಗೊತ್ತಿತ್ತು?”

“ಕಮಲಿಗೂ ಗೊತ್ತಿತ್ತು. ನಿಮ್ಮೊಬ್ಬರನ ಬಿಟ್ಟು ಎಲ್ಲಾರಿಗೂ ಗೊತ್ತಿತ್ತು.”

ನೋಡಿ, ಇಪ್ಪತ್ತು ವರ್ಷ ಮುಂಬಯಿಯ ಬೀದಿಯಲ್ಲಿ ಯಾರೂ ನನಗೆ ಮೋಸ ಮಾಡಿಲ್ಲ.

ನಿನ್ನೆ ಕತ್ತರಿ ಹಿಡಿದು ಕೂತೆ. ಈ ಸಲದ ಬಟ್ಟೆ ಒಗೆದು ನೋಡಿದ್ದು. ಮೂರು ನೀರು ಕಂಡ ಮೇಲೂ ಮೈ ಬಿಟ್ಟಿಲ್ಲ. ಗಂಜಿ ಮಾತ್ರ ಹಾಕಿದ್ದೇನೆ, ಅಷ್ಟೂ ಇಲ್ಲದಿದ್ದರೆ ಎಲೆ ನಿಲ್ಲುವುದಿಲ್ಲ. ಒಂದೇ ಸಲಕ್ಕೆ ಕತ್ತರಿಸಿದೆ, ಕಪ್ಪೆಯಾಗಲಿಲ್ಲ. ಹಿಂದಿನ ಬದಿಗೆ ಆರು ವರ್ಷದ ಹಿಂದೆ ಬರೆಯಬೇಕಾದದ್ದನ್ನು ಬರೆದೆ: ‘ನಿಮ್ಮ ಕುಚ್ಚಲಕ್ಕಿ ಕುದಿಸಿ ಅಂಬಿಯನ್ನು ಎಬ್ಬಿಸಿದಿರಿ.’ ಥ್ಯಾಂಕ್ಸ್ ಬರೆದಿಲ್ಲ. ಬರೆಯುವುದೂ ಇಲ್ಲ, ಜೋಶಿಯವರು ಬೇಕಾದರೆ ಇನ್ನೆರಡು ಕಟ್ಟು ಕೊಳ್ಳಲಿ. ಮುಂದಿನ ಬದಿಗೆ ಏನು ಬರೆಯಲಿ ಎಂದು ಕಮಲಿ ಕೇಳಿದಾಗ ಪೆನ್ಸಿಲನ್ನು ನಾನೇ ಕಸಿದುಕೊಂಡೆ. ಮತ್ತೊಮ್ಮೆ ಯಾರೂ ಬೇಕೆಂದೇ ತಪ್ಪು ಓದುವ ತೊಂದರೆ ತೆಗೆದುಕೊಳ್ಳಬಾರದು. ನಾಳೆ ದಶಮಿ, ದಾದರಿನ ಸೇತುವೆ ಹತ್ತಿ ಇಳಿದು ವಿಕ್ರೋಳಿಗೆ ಹೋಗಿ ನನ್ನ ಕೈಯಿಂದಲೇ ಕೊಡುತ್ತೇನೆ. ಅದರ ಮೇಲೆ ಬನ್ನಿ ಎಂದಿಲ್ಲ. ದೊಡ್ಡ ಅಕ್ಷರದಲ್ಲಿ, ನಮ್ಮ ಧಾರವಾಡದ ಬಾಯಲ್ಲೇ ಬರೆದಿದ್ದೇನೆ:

ಬರ್ರಿ.